ಪೋಸ್ಟರಿನ ತುಂಡು ಹಾಡಿನ ಕವರ್ ಅಲ್ಲ

"ಕವರ್ ಯಾಂವ ನೋಡ್ತಾನ್ರಿ ಈಗ? ಹಾಡ ಕೇಳಿದ್ರ ಆತು."

ಗೋಕಾಕದ ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯೊಂದರಲ್ಲಿ ಕೇಳಿದ ಮಾತು ಇದು. ಮೂಡಲಗಿ ಕಡೆಯ ಹುಡುಗನೊಬ್ಬ ತನ್ನ ಫೋನಿನಲ್ಲಿ ಹಳೆಯ ಕನ್ನಡ ಸಿನಿಮಾ ಹಾಡುಗಳಿಗೆ ತಾನೇ ಮಾಡಿದ ಚೌಕಾಕಾರದ ಚಿತ್ರಗಳನ್ನು ಅಂಗಡಿಯವರಿಗೆ ತೋರಿಸುತ್ತಿದ್ದ. ಅವನ್ನು ಫೋಟೋ ಕಾಗದದ ಮೇಲೆ ಮುದ್ರಿಸಿಕೊಡುತ್ತೀರಾ ಎಂದು ಕೇಳಲು ಬಂದಿದ್ದ. ಅಂಗಡಿಯವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಜಗತ್ತಿಗೆಲ್ಲ ಗೊತ್ತಿರುವ ಸಂಗತಿಯನ್ನು ಒಬ್ಬ ಎಳೆಯನಿಗೆ ತಿಳಿಸಿಹೇಳುವ ಧಾಟಿಯಲ್ಲಿ ಹೇಳಿದರು. ಹುಡುಗ ಫೋನನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ.

ಆ ಮಾತು ಅಂಗಡಿಯವರೊಬ್ಬರದೇ ಆಗಿದ್ದರೆ ನಾನು ಬರೆಯಲು ಕೂಡುತ್ತಿರಲಿಲ್ಲ. ಬೆಂಗಳೂರಿನಲ್ಲಿ ಸಿನಿಮಾ ಮಾಡುವವರು, ಹಾಡಿನ ಹಕ್ಕು ಕೊಳ್ಳುವವರು, ಸಿನಿಮಾ ಪುಟ ಬರೆಯುವವರು, ಮಕ್ಕಳ ಕೈಯಿಂದ ಫೋನು ಕಸಿದಿಡುವ ನಮ್ಮ ಮೇಷ್ಟ್ರುಗಳು, ಎಲ್ಲರೂ ಒಂದೇ ಮಾತಿಗೆ ಬಂದು ನಿಂತಿದ್ದಾರೆ. ಸಿನಿಮಾ ಹಾಡಿಗೆ ಬೇರೆ ಮುಖಚಿತ್ರ ಬೇಕಿಲ್ಲ, ಪೋಸ್ಟರಿನಲ್ಲಿ ನಾಯಕನ ಮುಖ ಇರುವ ಕಡೆ ಒಂದು ಚೌಕ ಕತ್ತರಿಸಿಕೊಂಡರೆ ಅದೇ ಕವರ್, ಅದರ ಮೇಲೆ ಕೂತು ಕೆಲಸ ಮಾಡುವವನು ಕೆಲಸವಿಲ್ಲದವನು. ಈ ಅಭಿಪ್ರಾಯ ಬುಡದಿಂದಲೇ ತಪ್ಪು. ಅದರಿಂದ ನಮ್ಮ ಹಾಡುಗಳಿಗೆ ಈಗಾಗಲೇ ಸಾಕಷ್ಟು ಹಾನಿಯಾಗಿದೆ.

ಪೋಸ್ಟರು ಯಾರಿಗಾಗಿ? ಚಿತ್ರವನ್ನು ಇನ್ನೂ ನೋಡದವನಿಗಾಗಿ. ಅವನನ್ನು ಶುಕ್ರವಾರ ಟಾಕೀಜಿಗೆ ಕರೆತರುವುದಷ್ಟೇ ಅದರ ಕೆಲಸ. ಅದಕ್ಕೇ ಅದು ದೊಡ್ಡದು, ಅದಕ್ಕೇ ಅದರಲ್ಲಿ ಮುಖ ದೊಡ್ಡದು. ಗೋಡೆಯ ಮೇಲೆ ಎರಡು ಮೂರು ವಾರ ಇದ್ದರೆ ಹೆಚ್ಚು. ಮೈದಾ ಅಂಟು ಒಣಗುವುದರೊಳಗೆ ಅದರ ಮೇಲೆ ಇನ್ನೊಂದು ಬರುತ್ತದೆ. ಹಾಡಿನ ಕಥೆ ಹಾಗಲ್ಲ. ಚಿತ್ರ ಊರು ಬಿಟ್ಟ ಮೇಲೆ ಅದರ ನಿಜವಾದ ಬದುಕು ಶುರುವಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಮೂಡಲಗಿ ರಸ್ತೆಯಲ್ಲಿ ರಾತ್ರಿ ನಿಂತು ನೋಡಿ. ಎರಡೆರಡು ಟ್ರೇಲರ್ ಕಟ್ಟಿಕೊಂಡು ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳಲ್ಲಿ ಈ ವರ್ಷದ ಜಾನಪದ ಹಾಡಿನ ಜೊತೆಗೆ 1996ರ 'ಜನುಮದ ಜೋಡಿ'ಯೂ 1987ರ 'ಪ್ರೇಮಲೋಕ'ವೂ ಕೇಳುತ್ತವೆ. ಓಡಿಸುವವನು ಆ ಚಿತ್ರಗಳು ಬಂದಾಗ ಹುಟ್ಟಿರಲಿಲ್ಲ. ಅವನು ಟಿಕೀಟು ತೆಗೆಸಬೇಕಾದ ಗಿರಾಕಿಯಲ್ಲ. ನೂರು ಸಲ ಕೇಳಿದ ಹಾಡಿಗೆ ನೂರಾ ಒಂದನೆಯ ಸಲ ಮರಳಿ ಬಂದವನು. ಅವನಿಗೆ ಪೋಸ್ಟರ್ ತೋರಿಸುವುದೆಂದರೆ, ಮನೆಗೆ ಬಂದ ಅಳಿಯನಿಗೆ ಕನ್ಯೆಯ ಫೋಟೋ ತೋರಿಸಿದ ಹಾಗೆ.

1972ರ 'ನಾಗರಹಾವು' ಚಿತ್ರದ ಒನಕೆ ಓಬವ್ವನ ಹಾಡನ್ನು ತೆಗೆದುಕೊಳ್ಳಿ. ನವೆಂಬರ್ ಬಂತೆಂದರೆ ನಮ್ಮ ಶಾಲೆಗಳಲ್ಲಿ ಅದಕ್ಕೆ ಹೆಣ್ಣುಮಕ್ಕಳು ಒನಕೆ ಹಿಡಿದು ಕುಣಿಯುತ್ತಾರೆ. ಆ ಹಾಡಿಗೂ ಆ ಚಿತ್ರದ ನಾಯಕ ರಾಮಾಚಾರಿಗೂ ಏನು ಸಂಬಂಧ? ಹಾಡನ್ನು ಹಾಡಿದವರು ಪಿ. ಬಿ. ಶ್ರೀನಿವಾಸ್, ರಾಗ ಹಾಕಿದವರು ವಿಜಯಭಾಸ್ಕರ್, ತೆರೆಯ ಮೇಲೆ ಓಬವ್ವನಾದವರು ಜಯಂತಿ. ಆದರೂ ಪೋಸ್ಟರಿನ ತುಂಡೇ ಕವರ್ ಎಂದು ಹೊರಟರೆ, ಹಾಡಿನ ನೆತ್ತಿಯ ಮೇಲೆ ಕೂಡುವುದು ಹಾವು ಮತ್ತು ನಾಯಕನ ಮುಖವೇ. ಒಂದು ಒನಕೆ ಮತ್ತು ಕೋಟೆ ಗೋಡೆಯ ಕಿಂಡಿ, ಇವೆರಡನ್ನೇ ಬರೆದರೆ ಆ ಹಾಡಿನ ಕವರ್ ಮುಗಿಯಿತು. ಐದನೇ ಇಯತ್ತೆಯ ಹುಡುಗಿಗೆ ತಿಳಿಯುವ ಈ ಸಂಗತಿ ಚಿತ್ರೋದ್ಯಮಕ್ಕೆ ತಿಳಿಯದೇ ಹೋಯಿತೇ?

ಇನ್ನೊಂದು ಹಾಡಿನ ಮಾತು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ನಮ್ಮದೇ. ಹುಕ್ಕೇರಿ ತಾಲೂಕಿನ ಘಟಪ್ರಭೆಯ ದಂಡೆಯಲ್ಲಿ ಘೋಡಗೇರಿ ಇದೆ. 1937ರಲ್ಲಿ ಅಲ್ಲಿ ಹುಟ್ಟಿ, ಗೋಕಾಕದಲ್ಲಿ ಹೈಸ್ಕೂಲು ಓದಿದ ಚಂದ್ರಶೇಖರ ಕಂಬಾರರು ಮುಂದೆ ಜ್ಞಾನಪೀಠದವರೆಗೆ ಹೋದದ್ದು ಎಲ್ಲರಿಗೂ ಗೊತ್ತು. ಅವರು ಸಿನಿಮಾಗಳನ್ನೂ ನಿರ್ದೇಶಿಸಿದರೆಂಬುದು ಹಲವರಿಗೆ ಗೊತ್ತಿಲ್ಲ. 'ಕಾಡು ಕುದುರೆ' ಅವರದೇ ಚಿತ್ರ. ಅದರಲ್ಲಿ ಅವರೇ ಬರೆದ ಹಾಡನ್ನು ಹಾಡಿದ ಶಿವಮೊಗ್ಗ ಸುಬ್ಬಣ್ಣನವರಿಗೆ 1978ನೇ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರೇ. ಸುಬ್ಬಣ್ಣನವರು 2022ರಲ್ಲಿ ತೀರಿಕೊಂಡರು. ಹಾಡು ತೀರಿಕೊಳ್ಳಲಿಲ್ಲ. ಕಾಲೇಜಿನ ಗ್ಯಾದರಿಂಗಿನಲ್ಲಿ, ಭಾವಗೀತೆಯ ಕಾರ್ಯಕ್ರಮದಲ್ಲಿ, ಊರ ಗುಡಿಯ ಕಟ್ಟೆಯ ಮೇಲೆ ಅದನ್ನು ಹಾಡುವವರು ಇವತ್ತಿಗೂ ಸಿಗುತ್ತಾರೆ. ಹಾಡುವವರಲ್ಲಿ ಚಿತ್ರವನ್ನು ನೋಡಿದವರನ್ನು ಹುಡುಕಿ, ಒಬ್ಬರು ಸಿಗುವುದೂ ಕಷ್ಟ.

ಈಗ ಹೇಳಿ, ಈ ಹಾಡಿಗೆ ಯಾವ ಪೋಸ್ಟರಿನ ಯಾವ ತುಂಡು ಹಾಕುತ್ತೀರಿ? ಯಾರ ಮುಖ ಹಾಕಿದರೆ ಕೇಳುಗನಿಗೆ ಗುರುತು ಹತ್ತುತ್ತದೆ? ಯಾರದೂ ಇಲ್ಲ. ಅದಕ್ಕೇ ಇಂಥ ಹಾಡುಗಳನ್ನು 'ಎವರ್‌ಗ್ರೀನ್ ಹಿಟ್ಸ್' ಎಂಬ ಗೊಂಚಲಿಗೆ ಕಟ್ಟಿ, ಮೇಲೊಂದು ಮೈಕಿನ ಚಿತ್ರ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಪೋಸ್ಟರ್ ಕತ್ತರಿಸುವ ವಿದ್ಯೆ ಇಂಥ ಹಾಡಿನ ಮುಂದೆ ಬಂದು ಕೈಚೆಲ್ಲುತ್ತದೆ. ಕೈಚೆಲ್ಲದೆ ಇದ್ದವನು ನಮ್ಮ ಕಡೆಯ ಒಬ್ಬ ಹುಡುಗ. ಅವನು ಮಾಡಿದ ಕವರನ್ನು ನಾನು ಅವನ ಫೋನಿನಲ್ಲೇ ನೋಡಿದ್ದೇನೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುತ್ತೇವಲ್ಲ, ಅದೇ ಎರೆಮಣ್ಣಿನಲ್ಲಿ ಅವನ ಅವ್ವನ ಕೈಲಿ ಒಂದು ಕುದುರೆ ಮಾಡಿಸಿದ್ದ. ಕಣ್ಣಿಗೆ ಗುಲಗಂಜಿ. ಹೊಳೆಯ ದಂಡೆಯ ಒಂದು ಬಂಡೆಯ ಮೇಲಿಟ್ಟು, ಸಂಜೆಯ ಬಿಸಿಲಿನಲ್ಲಿ ಫೋಟೋ ತೆಗೆದಿದ್ದ. ಕುದುರೆಗೆ ಜೀನಿಲ್ಲ, ಲಗಾಮಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ ಕವಿಯ ಹೆಸರು, ಗಾಯಕನ ಹೆಸರು, ಇಸವಿ. ನಾನು ಮೂವತ್ತು ವರ್ಷದಿಂದ ಕೇಳಿದ ಹಾಡು ಅದು. ಆ ಕವರ್ ನೋಡಿದ ಮೇಲೆ ಮೊದಲ ಸಲ ಅದನ್ನು ನಮ್ಮ ಹೊಳೆಯ ಹಾಡಾಗಿ ಕೇಳಿದೆ. ಇದನ್ನು ಕೆಲಸವಿಲ್ಲದವನ ಕೆಲಸ ಎನ್ನುವವರ ಕೂಡ ನಾನು ಜಗಳಕ್ಕೆ ಸಿದ್ಧ.

ಆ ಕವರಿನಲ್ಲಿ ನನ್ನನ್ನು ಹೆಚ್ಚು ಹಿಡಿದದ್ದು ಕುದುರೆಗಿಂತ ಆ ಸಣ್ಣಕ್ಷರಗಳು. ಹಾಡು ಕಣ್ಣಿಗೆ ಕಾಣದ ವಸ್ತು. ತನ್ನನ್ನು ಮಾಡಿದವರ ಹೆಸರನ್ನು ಅದು ತಾನೇ ಹೇಳಲಾರದು. ಯಾರಾದರೂ ಹೊರಗೆ ಬರೆಯಬೇಕು, ಬರೆಯಲಿಕ್ಕೆ ಒಂದು ಜಾಗ ಬೇಕು. ಆ ಜಾಗದ ಹೆಸರೇ ಕವರ್. ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಿಂದಿಯ 'ಮಹಲ್' ಚಿತ್ರದ ಉದಾಹರಣೆ ಇದೆ. 1949ರಲ್ಲಿ ಆ ಚಿತ್ರದ ಹೆಸರಾಂತ ಹಾಡು ರೆಕಾರ್ಡಾಗಿ ಬಂದಾಗ ಲೇಬಲ್ಲಿನ ಮೇಲೆ ಗಾಯಕಿಯೆಂದು ಅಚ್ಚಾಗಿದ್ದ ಹೆಸರು 'ಕಾಮಿನಿ'. ಅದು ಚಿತ್ರದ ಪಾತ್ರದ ಹೆಸರು. ಹಾಡಿದವರು ಲತಾ ಮಂಗೇಶಕರ್. ಅವರು ದೊಡ್ಡವರಾದರು, ಅವರ ಹೆಸರು ಉಳಿಯಿತು. ಅವರಷ್ಟು ದೊಡ್ಡವರಾಗದವರು ಎಷ್ಟು ಮಂದಿ ಪಾತ್ರಗಳ ಹೆಸರಿನ ಅಡಿಯಲ್ಲಿ ಮುಚ್ಚಿಹೋದರೋ!

ಹೆಸರಿನ ವಿಷಯದಲ್ಲಿ ನಮ್ಮ ಸೀಮೆಯ ರೀತಿಯೇ ಬೇರೆ. ಶ್ರೀಕೃಷ್ಣ ಪಾರಿಜಾತವನ್ನು ಆಟಕ್ಕೆ ತಂದವನು ಕುಲಗೋಡ ತಮ್ಮಣ್ಣ. ಅದನ್ನು ಊರೂರಿಗೆ ಒಯ್ದು ಮೆರೆಸಿದವಳು ಕೌಜಲಗಿ ನಿಂಗಮ್ಮ. ಊರನ್ನು ಹೆಸರಿಗೆ ಕಟ್ಟಿಕೊಂಡೇ ಕರೆಯುತ್ತೇವೆ, ಇದು ಯಾರದು ಎಲ್ಲಿಯದು ಎಂಬುದು ಕಲೆಯ ಜೊತೆಗೇ ನಡೆದುಬರಲಿ ಎಂದು. ಬೀಳಗಿಯ ಅಮೀರಬಾಯಿ ಮುಂಬೈಗೆ ಹೋಗಿ ಹಿಂದಿ ಚಿತ್ರಗಳಲ್ಲಿ ಹಾಡಿದಾಗಲೂ ಹೆಸರಿನ ಮುಂದೆ 'ಕರ್ನಾಟಕಿ' ಎಂದೇ ಇತ್ತು. ಇಂಥ ನಾಡಿನವರು ಇವತ್ತು ಹಾಡನ್ನು ಹೆಸರಿಲ್ಲದ ಅನಾಥ ಕೂಸಿನಂತೆ ಫೋನಿಂದ ಫೋನಿಗೆ ದಾಟಿಸುತ್ತಿದ್ದೇವೆ.

ನಾನು ತೊಂಬತ್ತರ ದಶಕದಲ್ಲಿ ಕಾಲೇಜು ಓದುವಾಗ ಗೋಕಾಕದಲ್ಲಿ ನಮ್ಮ ಕಾಕಾರ ಕ್ಯಾಸೆಟ್ ಅಂಗಡಿಯಲ್ಲಿ ಸಂಜೆ ಕೂಡುತ್ತಿದ್ದೆ. ಗಿರಾಕಿಗಳು ತಮಗೆ ಬೇಕಾದ ಹಾಡುಗಳ ಯಾದಿ ತರುತ್ತಿದ್ದರು. ಅರವತ್ತು ನಿಮಿಷದ ಇಲ್ಲವೆ ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ಟಿಗೆ ಅವನ್ನು ತುಂಬಿಸಿಕೊಡುವುದು. ಒಂದು ಬದಿಗೆ ರಾಜಕುಮಾರರ ಹಾಡು, ಇನ್ನೊಂದು ಬದಿಗೆ ಭಜನಿ ಪದ. ಡಬ್ಬಿಯೊಳಗಿನ ಚೀಟಿಯ ಮೇಲೆ ಹಾಡುಗಳನ್ನು ಬರೆಯುವುದು ನನ್ನ ಕೆಲಸ. ಅಕ್ಷರ ದುಂಡಗಿದ್ದವೆಂದು ಅದು ನನಗೆ ಬಂದಿತ್ತು. ಮೊದಮೊದಲು ಹಾಡಿನ ಸಾಲು, ಚಿತ್ರದ ಹೆಸರು ಇಷ್ಟೇ ಬರೆಯುತ್ತಿದ್ದೆ. ಹುಕ್ಕೇರಿಯ ಒಬ್ಬ ನಿವೃತ್ತ ಮಾಸ್ತರರು ಕ್ಯಾಸೆಟ್ ತೆಗೆದುಕೊಂಡು ಚೀಟಿ ಓದಿ ವಾಪಸ್ ಕೊಟ್ಟರು. "ಬರದಾಂವನ ಹೆಸರ ಎಲ್ಲೈತೋ ತಮ್ಮಾ? ವಿಜಯನಾರಸಿಂಹ ಅಂತ ಬರಿ. ಇದಕ್ಕ ಆರ್. ಎನ್. ಜಯಗೋಪಾಲ. ಇದು ಚಿ. ಉದಯಶಂಕರರದು." ಹನ್ನೆರಡು ಹಾಡಿಗೂ ನಿಂತಲ್ಲೇ ಹೇಳಿ ಬರೆಸಿದರು. ಅಲ್ಲಿಂದ ಮುಂದೆ ಯಾರು ಕೇಳಲಿ ಬಿಡಲಿ, ನಾನು ಪ್ರತಿ ಚೀಟಿಯಲ್ಲೂ ಬರೆದವರ ಹೆಸರು, ರಾಗ ಹಾಕಿದವರ ಹೆಸರು ಹಾಕಿದೆ. ರಾಜನ್–ನಾಗೇಂದ್ರ, ಜಿ. ಕೆ. ವೆಂಕಟೇಶ್, ಎಂ. ರಂಗರಾವ್, ಉಪೇಂದ್ರಕುಮಾರ್. ಈ ಹೆಸರುಗಳನ್ನು ನಾನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ, ನಾಲ್ಕಿಂಚು ಉದ್ದದ ಆ ಚೀಟಿಯಿಂದ. ನೀವು ಇವತ್ತು ಬೆಲೆಯಿಲ್ಲದ್ದು ಎನ್ನುವ ಕವರ್ ನಮ್ಮೂರಿನಲ್ಲಿ ಚಾಲ್ತಿಯಲ್ಲಿದ್ದದ್ದು ಆ ರೂಪದಲ್ಲಿ. ಗಿರಾಕಿಗಳು ಮನೆಗೆ ಹೋಗಿ ಅದರ ಮೇಲೆ ಹೂವು ಬರೆಯುತ್ತಿದ್ದರು, ಪತ್ರಿಕೆಯ ಚಿತ್ರ ಕತ್ತರಿಸಿ ಅಂಟಿಸುತ್ತಿದ್ದರು, ಹೆಂಡತಿಯ ಹೆಸರು ಬರೆಯುತ್ತಿದ್ದರು. ಹಾಡಿಗೆ ತಮ್ಮ ಕವರ್ ತಾವೇ ಮಾಡಿಕೊಳ್ಳುವುದು ಈಗಿನ ಹುಡುಗರು ತಂದ ಚಟವಲ್ಲ. ಅವರ ಅಪ್ಪಂದಿರು ಮಾಡಿದ್ದನ್ನೇ ಅವರೂ ಮಾಡುತ್ತಿದ್ದಾರೆ.

ಆಮೇಲೆ ಮೆಮರಿ ಕಾರ್ಡ್ ಬಂತು. ಉಗುರಿನಷ್ಟು ಚಿಪ್ಪಿನಲ್ಲಿ ಸಾವಿರ ಹಾಡು. ಚೀಟಿ ಹೋಯಿತು. 'ಟ್ರ್ಯಾಕ್ 01', 'ಟ್ರ್ಯಾಕ್ 02' ಎಂದು ಹಾಡುಗಳಿಗೆ ನಂಬರು ಬಂತು, ಜೈಲಿನಲ್ಲಿ ಕೈದಿಗಳಿಗೆ ಕೊಟ್ಟ ಹಾಗೆ. ಈಗ ಆ್ಯಪುಗಳ ಕಾಲದಲ್ಲಿ ಹೆಸರು ಇರುವುದುಂಟು, ಮೂರು ಕಡೆ ಒತ್ತಿ ಒಳಗೆ ಹೊಕ್ಕು ಹುಡುಕಿದರೆ. ಯಾರು ಹುಡುಕುತ್ತಾರೆ?

ಕಾಯಿದೆಯೂ ಕವಿಯ ಪರವಾಗಿ ನಿಂತಿಲ್ಲ. 1957ರ ಹಕ್ಕುಸ್ವಾಮ್ಯ ಕಾಯಿದೆಗೆ 1984ರಲ್ಲಿ 52ಎ ಎಂಬ ಕಲಮು ಸೇರಿತು. ಧ್ವನಿಮುದ್ರಣದ ಮೇಲೂ ಅದರ ಡಬ್ಬಿಯ ಮೇಲೂ ಮೂರು ವಿವರ ಇರಲೇಬೇಕು ಎನ್ನುತ್ತದೆ ಅದು: ಧ್ವನಿಮುದ್ರಣ ಮಾಡಿದವರ ಹೆಸರು ವಿಳಾಸ, ಹಕ್ಕಿನ ಮಾಲೀಕರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ. ಹಾಡು ಬರೆದವನ ಹೆಸರು ಆ ಮೂರರಲ್ಲಿ ಇಲ್ಲ. ರಾಗ ಹಾಕಿದವನದೂ ಇಲ್ಲ. ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಅದೇ ಕಾಯಿದೆಯ 57ನೇ ಕಲಮು ಕರ್ತೃವಿಗೆ ಕೊಟ್ಟಿದೆ, ನಿಜ. ಆದರೆ ಡಬ್ಬಿಯ ಮೇಲೆ ಕಡ್ಡಾಯವಾಗಿ ಏರಿದ್ದು ಧ್ವನಿಮುದ್ರಣ ಮಾಡಿದವನ ಮತ್ತು ಮಾಲೀಕನ ಹೆಸರು ಮಾತ್ರ. ಕವಿಯ ಹೆಸರು ಕವರ್ ಮಾಡುವವನ ದಯೆಗೆ ಬಿಟ್ಟದ್ದು. ಆ ಕವರನ್ನೇ ಬೇಡವೆಂದರೆ ದಯೆಗೂ ಜಾಗ ಉಳಿಯುವುದಿಲ್ಲ.

ಕವರ್ ಎಂಬುದು ಹುಟ್ಟಿದ್ದೇ ಈ ಹೆಸರುಗಳ ಮೆರವಣಿಗೆಯಾಗಿ. 78ರ ವೇಗದ ರೆಕಾರ್ಡುಗಳ ಕಾಲದಲ್ಲಿ ನಾಲ್ಕಾರು ತಟ್ಟೆಗಳನ್ನು ಫೋಟೋ ಆಲ್ಬಮ್ಮಿನಂಥ ರಟ್ಟಿನ ಪುಸ್ತಕದಲ್ಲಿ ಇಟ್ಟು ಮಾರುತ್ತಿದ್ದರು. ಆಲ್ಬಮ್ ಎಂಬ ಹೆಸರು ಬಂದದ್ದೇ ಅದರಿಂದ. ರಟ್ಟಿನ ಬಣ್ಣ ಕಂದು, ಮೇಲೆ ಏನೂ ಇಲ್ಲ. 1940ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯಲ್ಲಿದ್ದ ಅಲೆಕ್ಸ್ ಸ್ಟೈನ್‌ವೈಸ್ ಎಂಬ, ಇನ್ನೂ 25 ತುಂಬದ ಹುಡುಗ ಮೊದಲ ಬಾರಿಗೆ ಅದಕ್ಕೊಂದು ಚಿತ್ರ ಮಾಡಿದ. ನಾಟಕ ಮಂದಿರವೊಂದರ ಮುಂದಿನ ದೀಪಾಕ್ಷರಗಳನ್ನು ಬದಲಿಸಿ ಅದರ ಫೋಟೋ ತೆಗೆಸಿದ. ಆ ದೀಪಗಳಲ್ಲಿ ಬೆಳಗಿದ ಹೆಸರು ಯಾವ ನಟನದೂ ಅಲ್ಲ, ರಾಗ ಹಾಕುವ ರಾಜರ್ಸ್ ಮತ್ತು ಹಾಡು ಬರೆಯುವ ಹಾರ್ಟ್ ಅವರದು. ಜಗತ್ತಿನ ಮೊದಲ ಚಿತ್ರವುಳ್ಳ ಆಲ್ಬಮ್ ಕವರಿನಲ್ಲಿ ನಾಯಕನ ಮುಖ ಇರಲಿಲ್ಲ. ನಾಯಕನ ಮುಖವಿಲ್ಲದೆ ಹಾಡು ಮಾರಾಟವಾಗದು ಎನ್ನುವವರು ಇದನ್ನು ಗಮನಿಸಬೇಕು.

"ಅದೆಲ್ಲ ಹನ್ನೆರಡು ಇಂಚಿನ ಎಲ್‌ಪಿ ಕಾಲದ ಮಾತು. ಈಗ ಫೋನಿನಲ್ಲಿ ಕವರ್ ಹೆಬ್ಬೆರಳಿನಷ್ಟು ಇರುತ್ತದೆ. ಅಷ್ಟರಲ್ಲಿ ಏನು ಕಲೆ?" ಎಂದು ಓದಿದವರೇ ಕೇಳುತ್ತಾರೆ. ನನಗೆ ಇದಕ್ಕಿಂತ ವಿಚಿತ್ರವಾದ ತರ್ಕ ಗೊತ್ತಿಲ್ಲ. ಜಾಗ ಸಣ್ಣದಾದಷ್ಟೂ ಕೆಲಸ ಕಷ್ಟವಾಗುತ್ತದೆ, ಬಿಡುವ ಕೆಲಸವಾಗುವುದಿಲ್ಲ. ಪೋಸ್ಟರು ಎತ್ತರದ ಆಕಾರದ್ದು, ಆ್ಯಪಿನ ಕವರ್ ಚೌಕ, ಯೂಟ್ಯೂಬಿನದು ಅಡ್ಡ. ಎತ್ತರದ್ದನ್ನು ಚೌಕಕ್ಕೆ ಕತ್ತರಿಸಿದರೆ ಒಂದೋ ತಲೆ ಹೋಗಬೇಕು, ಇಲ್ಲವೇ ಚಿತ್ರದ ಹೆಸರು ಹೋಗಬೇಕು. ಉಳಿದದ್ದನ್ನು ಹೆಬ್ಬೆರಳಿನ ಗಾತ್ರಕ್ಕೆ ಇಳಿಸಿದರೆ ಮೂವರು ನಟರು, ಒಂದು ಬೈಕು, ಎರಡು ಸ್ಫೋಟ ಎಲ್ಲ ಕೂಡಿ ಒಂದು ಕಲೆಯಂತೆ ಕಾಣುತ್ತವೆ. ಇದರ ಜೊತೆಗೆ ನಮ್ಮ ಲಿಪಿಯ ಗುಣವೊಂದಿದೆ. ಕನ್ನಡದ ಅಕ್ಷರ ಮೂರು ಅಂತಸ್ತಿನದು. ಮೇಲೆ ಗುಡಿಸು, ಏತ್ವ, ನಡುವೆ ಅಕ್ಷರ, ಕೆಳಗೆ ಒತ್ತು. ಇಂಗ್ಲಿಷಿನ ದೊಡ್ಡಕ್ಷರಗಳು ಓದಿಸಿಕೊಳ್ಳುವ ಗಾತ್ರದಲ್ಲಿ ಕನ್ನಡದ ಒತ್ತಕ್ಷರ ಇರುವೆಯ ಕಾಲಿನಷ್ಟಾಗಿ ಅಳಿಸಿಹೋಗುತ್ತದೆ. ಅದಕ್ಕೆಂದೇ ಸಣ್ಣ ಚೌಕಕ್ಕೆ ಅಕ್ಷರವನ್ನು ಬೇರೆಯಾಗಿ ಬರೆಯಬೇಕು: ಒತ್ತಿಗೆ ಕೆಳಗೆ ಜಾಗ ಬಿಟ್ಟು, ಗೆರೆ ದಪ್ಪ ಮಾಡಿ, ಎರಡು ಸಾಲಾಗಿ ಒಡೆದು. ಪೋಸ್ಟರ್ ಕತ್ತರಿಸುವವನು ಇದನ್ನು ಮಾಡುವುದಿಲ್ಲ. ಕನ್ನಡ ಓದಲು ಬರದೆಂದು ಕಂಡಾಗ ಅದನ್ನು ತೆಗೆದು ಇಂಗ್ಲಿಷಿನಲ್ಲಿ ಹೆಸರು ಹಾಕುತ್ತಾನೆ. ಕನ್ನಡ ಚಿತ್ರದ ಹಾಡು ಕನ್ನಡ ಅಕ್ಷರವಿಲ್ಲದೆ ಲೋಕಕ್ಕೆ ಹೋಗುತ್ತದೆ. ಸಂಕೇಶ್ವರದಿಂದ ಸ್ವಲ್ಪ ಮುಂದೆ ಹೋದರೆ ಮಹಾರಾಷ್ಟ್ರ. ಅಂಗಡಿಯ ಬೋರ್ಡಿನ ಮೇಲೆ ಯಾವ ಅಕ್ಷರ ಎಂಬುದು ಇಲ್ಲಿ ಎಂದೂ ಸಣ್ಣ ಮಾತಾಗಿರಲಿಲ್ಲ. 1982ರಲ್ಲಿ ಕನ್ನಡಕ್ಕಾಗಿ ನಾಡೆಲ್ಲ ಬೀದಿಗಿಳಿದ ಚಳವಳಿಗೆ 'ಗೋಕಾಕ' ಎಂಬ ಹೆಸರು ಬಂದದ್ದು ವಿ. ಕೃ. ಗೋಕಾಕರ ವರದಿಯಿಂದಾದರೂ, ಆ ಹೆಸರು ಹೊತ್ತ ಊರಿನವರು ನಾವು. ಹಾಡಿನ ಬೋರ್ಡಿನ ಮೇಲೆ ಕನ್ನಡ ಇಲ್ಲದ್ದನ್ನು ನಾವೂ ಸುಮ್ಮನೆ ನೋಡುತ್ತಿದ್ದೇವೆ.

ಡಬ್ಬಿಗೆ ಬೆಲೆಯಿಲ್ಲ ಎಂದು ಗೋಕಾಕದಲ್ಲಿ ನಿಂತು ಹೇಳುವುದಂತೂ ನನಗೆ ಅರ್ಥವಾಗದ್ದು. ಕರದಂಟಿನ ಊರು ಇದು. ಅಂಟು ಕರಿದು, ಬೆಲ್ಲ, ಕೊಬ್ಬರಿ, ಗೋಡಂಬಿ ಹಾಕಿ ಎಲ್ಲರೂ ಮಾಡುತ್ತಾರೆ. ಪುಣೆಯಿಂದ ಬಂದ ಮಗಳಿಗೆ ಒಯ್ಯುವವರು ಡಬ್ಬಿ ನೋಡಿಯೇ ಅಂಗಡಿ ಗುರುತಿಸುತ್ತಾರೆ. ಬೇರೆ ಡಬ್ಬಿಯಲ್ಲಿ ಹಾಕಿಕೊಟ್ಟರೆ "ಇದು ಅಲ್ಲಿದಲ್ಲ" ಎಂದು ತಿರುಗಿ ಕೊಡುತ್ತಾರೆ. ತಿನ್ನುವ ವಸ್ತುವಿಗೆ ಸಲ್ಲುವ ನ್ಯಾಯ ಕೇಳುವ ವಸ್ತುವಿಗೆ ಏಕೆ ಸಲ್ಲದು?

ಇನ್ನು ಎರಡು ಆಕ್ಷೇಪಗಳಿವೆ. ಅವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಮೊದಲನೆಯದು ಕಳವಿನದು. ಹಾಡು ಕಂಪನಿಯದು, ಫೋಟೋ ಇನ್ನೊಬ್ಬರದು, ಅದರ ಮೇಲೆ ಕವರ್ ಮಾಡಲು ಇವರು ಯಾರು? ಹಾಡನ್ನೇ ಹಂಚಿ ದುಡ್ಡು ಮಾಡುವವನ ಪರ ನಾನು ಒಂದು ಮಾತೂ ಆಡುವುದಿಲ್ಲ, ಅದು ಕಳವೇ. ಆದರೆ ತನ್ನ ಫೋನಿನಲ್ಲಿ ತಾನು ಕೇಳುವ ಹಾಡಿಗೆ ತಾನೇ ಬರೆದ ಚಿತ್ರ ಹಚ್ಚಿಕೊಂಡವನು ಯಾರ ಮನೆಯ ಗೋಡೆ ಒಡೆದ? ಖಾಸಗಿ ಬಳಕೆಗೂ ವಿಮರ್ಶೆಗೂ 52ನೇ ಕಲಮು ನ್ಯಾಯವಾದ ಅವಕಾಶ ಬಿಟ್ಟಿದೆ. ನಿಜ ಹೇಳಬೇಕೆಂದರೆ ಈ ಆಕ್ಷೇಪ ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ಪೋಸ್ಟರ್ ಕತ್ತರಿಸಿ ಕವರ್ ಮಾಡುವವನು ಇನ್ನೊಬ್ಬರ ಫೋಟೋ ಬಳಸುತ್ತಾನೆ. ಮಣ್ಣಿನ ಕುದುರೆ ಮಾಡಿದವನು ಯಾರದನ್ನೂ ಬಳಸಲಿಲ್ಲ.

ಎರಡನೆಯದು ಅಂದದ ಪ್ರಶ್ನೆ. "ನೀವು ಹೊಗಳುವ ಹುಡುಗರ ಕವರುಗಳನ್ನು ನೋಡಿದ್ದೀರಾ? ಕೆಂಪು ಬೆಂಕಿಯ ಅಕ್ಷರ, ಹಾರುವ ಹದ್ದು, ಮೂಲೆಯಲ್ಲಿ ಮಾಡಿದವನ ಹೆಸರು ಹಾಡಿನ ಹೆಸರಿಗಿಂತ ದಪ್ಪ." ನೋಡಿದ್ದೇನೆ. ಬಹಳಷ್ಟು ಕೆಟ್ಟದಾಗಿವೆ. ಭಾವಗೀತೆಯಂಥ ಹಾಡಿಗೂ ಕೈಯಲ್ಲಿ ಮಚ್ಚು ಹಿಡಿದ ನಾಯಕನನ್ನು ನಿಲ್ಲಿಸಿದ್ದನ್ನು ನೋಡಿ ಸಂಕಟಪಟ್ಟಿದ್ದೇನೆ. ಆದರೆ ಅವರಿಗೆ ಅದನ್ನು ಕಲಿಸಿದವರು ಯಾರು? ಕವರ್ ಎಂದರೆ ಪೋಸ್ಟರ್ ಎಂದು ಮೂವತ್ತು ವರ್ಷ ತೋರಿಸಿದವರು ನಾವು. ಹಗಲೆಲ್ಲ ಫ್ಲೆಕ್ಸ್ ಅಂಗಡಿಯಲ್ಲಿ ಮುಖಂಡರ ಹುಟ್ಟುಹಬ್ಬದ ಬ್ಯಾನರಿಗೆ ನಲವತ್ತು ಮುಖ ಜೋಡಿಸುವ ಕೈ ರಾತ್ರಿ ಫೋನಿನಲ್ಲಿ ಪಿಕ್ಸೆಲ್‌ಲ್ಯಾಬ್ ಆ್ಯಪ್ ತೆರೆದಾಗ ಬೇರೆ ಏನು ಮಾಡೀತು? ಆ ಕೈಗೆ ಬೇರೊಂದು ಮಾದರಿ ಬೇಕು. ಮಾದರಿಗೆ ಬೆಂಗಳೂರಿಗೆ ಹೋಗಬೇಕಿಲ್ಲ. ಹಗುರ ಕಟ್ಟಿಗೆಯಲ್ಲಿ ಹಣ್ಣು, ತರಕಾರಿ, ಬೊಂಬೆ ಕೆತ್ತಿ ಬಣ್ಣ ಹಚ್ಚುವ ಗೋಕಾಕದ ಕುಸುರಿ ಇದೆ. ಒಂದು ಹಸಿರು ಮೆಣಸಿನಕಾಯಿಯನ್ನು ಎರಡೇ ಬಣ್ಣದಲ್ಲಿ ಜೀವಂತ ಮಾಡುವ ಆ ಜಾಣ್ಮೆಯೇ ಸಣ್ಣ ಚೌಕಕ್ಕೆ ಬೇಕಾದ ಜಾಣ್ಮೆ. ಹಳೆಯ ಸೀರೆಯ ತುಂಡು ಜೋಡಿಸಿ ಹೊಲಿದ ಕೌದಿ ಪ್ರತಿ ಮನೆಯಲ್ಲಿದೆ, ಚೌಕದೊಳಗೆ ಬಣ್ಣ ಹೇಗೆ ಕೂಡಬೇಕೆಂದು ನಮ್ಮ ಅಜ್ಜಿಯರು ಅದರಲ್ಲಿ ತೋರಿಸಿಟ್ಟಿದ್ದಾರೆ. ಹುಕ್ಕೇರಿಯ ಆದಿಲಶಾಹಿ ಗುಮ್ಮಟಗಳ ಕಮಾನು ಇದೆ. ಟ್ರೇಲರಿನ ಹಿಂದೆ ಎನಾಮೆಲ್ ಬಣ್ಣದಲ್ಲಿ ದೇವರ ಹೆಸರು ಬರೆಯುವ ಪೇಂಟರುಗಳು ಇನ್ನೂ ಅಲ್ಲಲ್ಲಿ ಉಳಿದಿದ್ದಾರೆ. ಅವರ ಒಂದು 'ಶ್ರೀ'ಯ ತಿರುವಿಗೆ ಯಾವ ಫಾಂಟೂ ಸಮವಿಲ್ಲ. ಫಾಂಟೇ ಬೇಕೆನ್ನುವವರಿಗೆ ಎಕ್ ಟೈಪ್ ಬಳಗದ 'ಬಲೂ ತಮ್ಮ' ಪುಕ್ಕಟೆ ಸಿಗುತ್ತದೆ. ದುಂಡಗೆ, ದಪ್ಪಗೆ, ಸಣ್ಣ ಗಾತ್ರದಲ್ಲೂ ಒತ್ತು ಕಾಣುವಂತಿದೆ.

ಕೆಟ್ಟ ಕವರ್ ಮಾಡುವ ಹುಡುಗನನ್ನು ನಾನು ಪೋಸ್ಟರ್ ಕತ್ತರಿಸುವ ದೊಡ್ಡವರಿಗಿಂತ ಮೇಲೆ ಇಡುತ್ತೇನೆ. ಅವನು ಹಾಡನ್ನು ಕೇಳಿದ್ದಾನೆ. ಕೇಳಿ, ಇದಕ್ಕೆ ಒಂದು ಮುಖ ಬೇಕು ಎಂದು ಅವನಿಗೆ ಅನಿಸಿದೆ. ಕತ್ತರಿಸುವವನು ಹಾಡನ್ನು ಕೇಳಬೇಕಾಗಿಯೇ ಇಲ್ಲ.

ಆದ್ದರಿಂದ ಹಾಡಿನ ಹಕ್ಕು ಇಟ್ಟುಕೊಂಡವರಿಗೆ ನಾನು ಕೇಳುವುದು ಇಷ್ಟು. ನೀವು ಹೊಸದಾಗಿ ಬಿಡುವ ಪ್ರತಿ ಚಿತ್ರದ ಹಾಡುಗಳಿಗೆ ಪೋಸ್ಟರಿನಿಂದ ಬೇರೆಯಾದ ಕವರ್ ಮಾಡಿಸಿ, ಅದರ ಮೇಲೆ ಬರೆದವರ, ರಾಗ ಹಾಕಿದವರ, ಹಾಡಿದವರ ಹೆಸರನ್ನು ಕನ್ನಡದಲ್ಲಿ ಹಾಕಿ. ಕವರ್ ಬರೆದ ಕಲಾವಿದನ ಹೆಸರನ್ನೂ ಹಾಕಿ. ಹಳೆಯ ಹಾಡುಗಳನ್ನು ಗೊಂಚಲು ಕಟ್ಟುವುದನ್ನು ಬಿಟ್ಟು, ಅವಕ್ಕೂ ಒಂದೊಂದು ಮುಖ ಕೊಡಿ. ನಿಮಗೆ ಪುರುಸೊತ್ತಿಲ್ಲದಿದ್ದರೆ ನಮ್ಮ ತಾಲೂಕುಗಳಲ್ಲಿ ಅದನ್ನು ಕೂಲಿಯಿಲ್ಲದೆ ಮಾಡುತ್ತಿರುವವರಿದ್ದಾರೆ. ಅವರನ್ನು ಕರೆದು ಕೂಲಿ ಕೊಟ್ಟು ಮಾಡಿಸಿ.

ಮೂಡಲಗಿ ಕಡೆಯ ಆ ಹುಡುಗನಿಗೆ ಒಂದು ಮಾತು. ತಮ್ಮಾ, ಅಂಗಡಿಯಲ್ಲಿ ಅಂದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನ ಕವರುಗಳನ್ನು ಕಾಗದದ ಮೇಲೆ ಮುದ್ರಿಸಿಕೊಡುವವರು ಸಿಕ್ಕೇ ಸಿಗುತ್ತಾರೆ, ಸಿಗದಿದ್ದರೆ ನನ್ನ ಹತ್ತಿರ ಬಾ. ಒಂದೇ ಒಂದು ತಿದ್ದುಪಡಿ ಮಾ‌ಡು. ನೀನು ತೋರಿಸಿದ ಮೂರನೆಯ ಚಿತ್ರದಲ್ಲಿ ಹಾಡು ಬರೆದವರ ಹೆಸರಿರಲಿಲ್ಲ. ಅದನ್ನು ಬರಿ.